ಹೊಳೆದಂಡೆಯಲ್ಲಿ ನೀರುನಾಯಿಯ ಲೆಕ್ಕ

ನೀರುನಾಯಿಯನ್ನು ತಲೆ ಎಣಿಸಿ ಲೆಕ್ಕ ಹಾಕಲು ಬರುವುದಿಲ್ಲ. ಹುಲಿಗೆ ಪಟ್ಟೆ ಇದೆ, ಚಿರತೆಗೆ ಚುಕ್ಕೆ ಇದೆ. ಒಂದೊಂದನ್ನೂ ಫೋಟೊದಲ್ಲೇ ಬೇರೆ ಬೇರೆಯಾಗಿ ಗುರುತಿಸಬಹುದು. ನೀರುನಾಯಿಯ ಮೈ ಬೆನ್ನಿನುದ್ದಕ್ಕೂ ಒಂದೇ ಕಂದು. ಜನರ ಓಡಾಟ ಹೆಚ್ಚಿರುವ ಹೊಳೆಗಳಲ್ಲಿ ಅದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ಹೊರಬೀಳುತ್ತದೆ. ಒಂದು ಕಡೆ ಮುಳುಗಿ ಇನ್ನೆಲ್ಲೋ ಏಳುತ್ತದೆ. ಕಂಡದ್ದು ಐದು ತಲೆಗಳೋ, ಒಂದೇ ತಲೆ ಐದು ಸಲವೋ ಎಂದು ದಡದಲ್ಲಿ ನಿಂತವರಿಗೆ ಹೇಳಲಾಗದು. ಅಳಿದುಹೋದ ನೀರುನಾಯಿಯನ್ನು ಹೊಳೆಗೆ ಮರಳಿ ತಂದುಬಿಟ್ಟ ದೇಶಗಳು, ಅದು ನೆಲೆಯೂರಿತೇ ಎಂದು ತಿಳಿಯಲು ದಂಡೆಯನ್ನೇ ಓದುವ ವಿಧಾನವೊಂದನ್ನು ರೂಢಿಸಿಕೊಂಡವು. ಕರ್ನಾಟಕದ ತುಂಗಭದ್ರೆಗಾಗಲಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹೊಳೆಸಾಲಿಗಾಗಲಿ ಹೊಂದುವುದು ಆ ವಿಧಾನವೇ.

ಪ್ರಾಣಿಯ ಪರಿಚಯ

ದಕ್ಷಿಣ ಭಾರತದ ಬಯಲುಸೀಮೆಯ ದೊಡ್ಡ ನದಿಗಳಲ್ಲಿ ಕಾಣಸಿಗುವುದು ನಯತುಪ್ಪಳದ ನೀರುನಾಯಿ. ಹೆಸರಲ್ಲಿ ನಾಯಿ ಇದ್ದರೂ ಇದು ನಾಯಿಯ ಕುಲದ್ದಲ್ಲ. ಮರನಾಯಿಯಂತೆ ಕಾಣುವ ಮಾರ್ಟೆನ್, ವೀಸಲ್‌ಗಳ ಕುಟುಂಬಕ್ಕೆ ಸೇರಿದ್ದು. ತೂಕ ಸುಮಾರು 7ರಿಂದ 11 ಕಿಲೊ. ಬಾಲ ತುದಿಯ ಕಡೆ ಚಪ್ಪಟೆಯಾಗಿರುತ್ತದೆ, ಬೆರಳುಗಳ ನಡುವೆ ಚರ್ಮದ ಜಾಲ ಇರುತ್ತದೆ. ಗಂಡು, ಹೆಣ್ಣು ಮತ್ತು ಹಿಂದಿನ ಸೂಲುಗಳ ಮರಿಗಳು ಒಂದು ಸಂಸಾರವಾಗಿ ಓಡಾಡುತ್ತವೆ. ಮೀನನ್ನು ಒಟ್ಟಾಗಿ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತವೆ. ಗರ್ಭದ ಅವಧಿ ಸುಮಾರು ಎರಡು ತಿಂಗಳು. ದಡದ ಬಿಲ, ಬಂಡೆಗಳ ಸಂದು, ಮರದ ಬೇರಿನ ಪೊಟರೆ ಮರಿ ಹಾಕುವ ಜಾಗ.

ಆಹಾರದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮೀನೇ. ಹೊಳೆಯ ಆಹಾರ ಸರಪಣಿಯ ತುದಿಯಲ್ಲಿರುವುದರಿಂದ ಮೀನು ಕಡಿಮೆಯಾದರೂ, ಮೀನಿನ ಮೈಯಲ್ಲಿ ವಿಷ ಸೇರಿದರೂ ಮೊದಲು ಪೆಟ್ಟು ತಿನ್ನುವ ಪ್ರಾಣಿಗಳಲ್ಲಿ ಇದೂ ಒಂದು. ದಟ್ಟ ತುಪ್ಪಳದ ಆಸೆಗೆ ಬೇಟೆಯೂ ನಡೆದಿದೆ. ಜಾಗತಿಕ ಕೆಂಪುಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಸಾಲಿನಲ್ಲಿದೆ. 2019ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವು ಇದನ್ನು ಮೊದಲ ಅನುಬಂಧಕ್ಕೆ ಸೇರಿಸಿ ದೇಶ-ದೇಶಗಳ ನಡುವಿನ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಿತು.

ಬಿಟ್ಟ ಮೇಲೆ ಮೂರು ಹಂತ

ಪ್ರಾಣಿಯನ್ನು ತಂದುಬಿಡುವ ಮೊದಲು ಅದು ಅಲ್ಲಿಂದ ಏಕೆ ಹೋಯಿತು ಎಂಬುದಕ್ಕೆ ಉತ್ತರ ಸಿಗಬೇಕು, ಆ ಕಾರಣ ನಿವಾರಣೆಯಾಗಿರಬೇಕು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಮೊದಲ ಷರತ್ತುಗಳಲ್ಲಿ ಇದು ಒಂದು. ಬಿಟ್ಟ ನಂತರದ ನಿಗಾ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲ ಹಂತ ನೆಲೆಯೂರುವುದು: ಬಿಟ್ಟವು ಬದುಕಿದವೇ, ಹತ್ತಿರದಲ್ಲೇ ನಿಂತವೇ, ಮರಿ ಹಾಕಿದವೇ. ಎರಡನೆಯದು ಹೆಚ್ಚುವುದು: ಅಲ್ಲೇ ಹುಟ್ಟಿದ ಮರಿಗಳು ಬೆಳೆದು ತಾವೂ ಮರಿ ಹಾಕಿ ಹೊಸ ಹೊಳೆಗಳಿಗೆ ಹಬ್ಬಿದವೇ. ಮೂರನೆಯದು ನಿಲ್ಲುವುದು: ಆಹಾರ ಮತ್ತು ಜಾಗ ತಡೆದುಕೊಳ್ಳುವಷ್ಟಕ್ಕೆ ಬಂದು, ಹೊರಗಿನಿಂದ ಮತ್ತೆ ಪ್ರಾಣಿ ತರದೆ ಸಂತತಿ ಮುಂದುವರಿಯಿತೇ.

ಒಂದೊಂದು ಹಂತಕ್ಕೂ ಸಾಧನ ಬೇರೆ. ಮೊದಲ ಹಂತದಲ್ಲಿ ರೇಡಿಯೊ ಟ್ರಾನ್ಸ್‌ಮಿಟರ್ ಬೇಕಾಗುತ್ತದೆ. ಹುಲಿಗೆ ಹಾಕುವಂತೆ ಇದಕ್ಕೆ ಕೊರಳಪಟ್ಟಿ ಹಾಕಲಾಗದು. ನೀರುನಾಯಿಯ ಕುತ್ತಿಗೆ ತಲೆಯಷ್ಟೇ ದಪ್ಪ, ಪಟ್ಟಿ ಜಾರಿ ಬೀಳುತ್ತದೆ. ಪಶುವೈದ್ಯರು ಅರಿವಳಿಕೆ ಕೊಟ್ಟು ಚಿಕ್ಕದೊಂದು ಟ್ರಾನ್ಸ್‌ಮಿಟರನ್ನು ಹೊಟ್ಟೆಯೊಳಗೇ ಇಟ್ಟು ಹೊಲಿಯುತ್ತಾರೆ. ಬ್ಯಾಟರಿ ಮುಗಿದ ಮೇಲೆ ಆ ಸುದ್ದಿಯೂ ನಿಲ್ಲುತ್ತದೆ. ಎರಡನೆಯ, ಮೂರನೆಯ ಹಂತಗಳಿಗೆ ಉಳಿಯುವ ಸಾಕ್ಷಿ ದಂಡೆಯ ಮೇಲಿನದು.

ಮಲ ಹೇಳುವ ಮಾತು

ನೀರುನಾಯಿಗಳು ಕಂಡಕಂಡಲ್ಲಿ ಮಲ ಹಾಕುವುದಿಲ್ಲ. ನೀರಿನಂಚಿನ ಹಾಸುಬಂಡೆ, ಮರಳಿನ ದಿಬ್ಬ, ಎರಡು ಹೊಳೆ ಕೂಡುವ ಮೂಲೆ, ಸೇತುವೆಯ ಕೆಳಗಿನ ಕಟ್ಟೆ, ಇಂಥ ಎದ್ದು ಕಾಣುವ ಜಾಗ ಆರಿಸಿಕೊಂಡು ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ. ಮಲದ ವಾಸನೆ ಅವುಗಳಿಗೆ ಪರಸ್ಪರ ಸುದ್ದಿ: ಇದು ಯಾರ ಸೀಮೆ, ಯಾರು ಯಾವಾಗ ಬಂದು ಹೋದರು ಎಂಬುದೆಲ್ಲ ಅದರಲ್ಲಿದೆ. ನಯತುಪ್ಪಳದ ನೀರುನಾಯಿಯ ಇಡೀ ಸಂಸಾರ ಒಂದೇ ಜಾಗ ಬಳಸುವುದರಿಂದ ಬಂಡೆಯ ಮೇಲೆ ದೊಡ್ಡ ಮಲಕಟ್ಟೆಯೇ ಆಗಿರುತ್ತದೆ.

ಹಸಿಯಿದ್ದಾಗ ಮಲ ಕಪ್ಪು-ಹಸಿರು ಬಣ್ಣ, ಲೋಳೆಯಂಥ ಹೊಳಪು, ಮೀನಿನ ಗಾಢ ವಾಸನೆ. ಬಿಸಿಲಿಗೆ ಒಣಗಿದರೆ ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತದೆ. ಒಳಗಿನ ಹುರುಪೆ, ಮುಳ್ಳು, ಏಡಿಯ ಚಿಪ್ಪು ಹರಡಿಕೊಳ್ಳುತ್ತವೆ. ಆ ಹುರುಪೆಯನ್ನು ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಮೀನು ತಿಂದಿದೆ ಎಂಬುದೂ ತಿಳಿಯುತ್ತದೆ. ಹೊಸಬರು ಎಡವುವುದೂ ಇಲ್ಲೇ. ನೀರುಕಾಗೆ ಉಗುಳಿದ ಮುಳ್ಳಿನ ಉಂಡೆ, ಕಾಡುಬೆಕ್ಕಿನ ಮಲ ಎರಡೂ ದೂರದಿಂದ ಹಾಗೇ ಕಾಣುತ್ತವೆ. ಹೆಜ್ಜೆಗುರುತು ಜೊತೆಗಿದ್ದರೆ ಅನುಮಾನ ಕಡಿಮೆ: ಊರನಾಯಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡಿದರೆ ನೀರುನಾಯಿಯದರಲ್ಲಿ ಐದು ಮೂಡುತ್ತವೆ, ಮೆತ್ತನೆಯ ಕೆಸರಿನಲ್ಲಿ ಬೆರಳ ನಡುವಿನ ಜಾಲವೂ, ಹಿಂದೆ ಬಾಲ ಎಳೆದ ಗೆರೆಯೂ ಕಾಣುತ್ತವೆ.

ಮಲದ ರಾಶಿ ಎಣಿಸಿ ಇಷ್ಟು ನೀರುನಾಯಿ ಇವೆ ಎಂದು ಹೇಳುವುದು ಮಾತ್ರ ತಪ್ಪು. ಋತು, ಮರಿಗಳ ವಯಸ್ಸು, ಪಕ್ಕದ ಸಂಸಾರದ ಪೈಪೋಟಿ ಇವಕ್ಕೆ ತಕ್ಕಂತೆ ಒಂದೇ ಪ್ರಾಣಿ ಗುರುತು ಹಾಕುವ ಪ್ರಮಾಣ ಬದಲಾಗುತ್ತದೆ. ಮಲದಿಂದ ನೇರವಾಗಿ ಸಿಗುವ ಉತ್ತರ ಒಂದೇ: ಈ ಜಾಗಕ್ಕೆ ಇತ್ತೀಚೆಗೆ ನೀರುನಾಯಿ ಬಂದಿತ್ತು.

600 ಮೀಟರ್‌ ನಡಿಗೆ

ಆ ಒಂದು ಉತ್ತರವನ್ನೇ ಸಾವಿರಾರು ಜಾಗಗಳಲ್ಲಿ, ಒಂದೇ ಕ್ರಮದಲ್ಲಿ, ಕೆಲವು ವರ್ಷಕ್ಕೊಮ್ಮೆ ಕೇಳಿದರೆ ಇಡೀ ದೇಶದ ಚಿತ್ರ ಸಿಗುತ್ತದೆ ಎಂಬುದನ್ನು ಇಂಗ್ಲೆಂಡ್ ತೋರಿಸಿತು. 1950ರ ದಶಕದ ನಡುವಿನಿಂದ ಅಲ್ಲಿ ಬಿತ್ತನೆ ಬೀಜಕ್ಕೆ ಹಚ್ಚುವುದಕ್ಕೂ ಕುರಿ ತೊಳೆಯುವುದಕ್ಕೂ ಬಳಸಿದ ಆಲ್ಡ್ರಿನ್, ಡೀಲ್ಡ್ರಿನ್ ಕೀಟನಾಶಕಗಳು ಮೀನಿನ ಮೂಲಕ ನೀರುನಾಯಿಯ ಮೈ ಸೇರಿ, ಸಂತತಿ ಕುಸಿದುಬಿತ್ತು. 1977–79ರ ಮೊದಲ ಸಮೀಕ್ಷೆಯಲ್ಲಿ 2,940 ಜಾಗಗಳನ್ನು ಹುಡುಕಿದಾಗ ಗುರುತು ಸಿಕ್ಕದ್ದು 170 ಕಡೆ, ಅಂದರೆ ಶೇ 5.8ರಲ್ಲಿ ಮಾತ್ರ.

ನಿಯಮ ಸರಳ. ಒಂದು ಜಾಗ ಅಂದರೆ 600 ಮೀಟರ್‌ ದಂಡೆ. ಸಮೀಕ್ಷಕ ಅಷ್ಟು ದೂರ ನಡೆದು ಮಲವೋ ಹೆಜ್ಜೆಯೋ ಇದೆಯೇ ನೋಡುತ್ತಾನೆ. ಇದ್ದರೆ 'ಇದೆ', ಇಲ್ಲದಿದ್ದರೆ 'ಇಲ್ಲ'. ಮುಂದಿನ ಸಮೀಕ್ಷೆಯಲ್ಲಿ ಅದೇ ಜಾಗ, ಅದೇ ಉದ್ದ. 1984–86ರಲ್ಲಿ ಪ್ರಮಾಣ ಶೇ 9.6, 1991–94ರಲ್ಲಿ ಶೇ 23.4, 2000–02ರಲ್ಲಿ ಶೇ 36.3, 2009–10ರಲ್ಲಿ ಶೇ 58.8. 2011ರಲ್ಲಿ ಕೆಂಟ್ ಎಂಬ ಕೌಂಟಿಯಲ್ಲೂ ಗುರುತು ಸಿಕ್ಕಿತು. ಅಲ್ಲಿಗೆ ಎಲ್ಲ ಕೌಂಟಿಗಳಿಗೂ ನೀರುನಾಯಿ ಮರಳಿದಂತಾಯಿತು.

ಈ ನಡುವೆ 1983ರಿಂದ 1999ರವರೆಗೆ ಆಟರ್ ಟ್ರಸ್ಟ್ ಎಂಬ ಸಂಸ್ಥೆ ಸಾಕಿ ಬೆಳೆಸಿದ 117 ನೀರುನಾಯಿಗಳನ್ನು, ಹೆಚ್ಚಾಗಿ ಪೂರ್ವ ಇಂಗ್ಲೆಂಡಿನಲ್ಲಿ, ಹೊಳೆಗೆ ಬಿಟ್ಟಿತು. ಚೇತರಿಕೆಯ ಯಶಸ್ಸು ಪೂರ್ತಿ ಆ ಬಿಡುಗಡೆಯದಲ್ಲ. ವಿಷ ನಿಷೇಧವಾಗಿ ಮೀನು ಶುದ್ಧವಾದಂತೆ ಪಶ್ಚಿಮದಲ್ಲಿ ಉಳಿದಿದ್ದ ನೀರುನಾಯಿಗಳೂ ತಾವಾಗಿ ಹಬ್ಬಿದವು. ಬಿಟ್ಟ ಜಾಗ, ಬಿಡದ ಜಾಗ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದಿದ್ದರಿಂದ ಈ ವ್ಯತ್ಯಾಸ ಗೊತ್ತಾಯಿತು.

'ಇಲ್ಲ' ಎಂಬುದರ ಬೆಲೆ

ಗುರುತು ಸಿಗಲಿಲ್ಲ ಎಂದರೆ ಪ್ರಾಣಿ ಇಲ್ಲ ಎಂದಲ್ಲ. ಹಿಂದಿನ ದಿನ ಮಳೆ ಬಂದಿರಬಹುದು, ನೀರು ಏರಿ ಬಂಡೆ ತೊಳೆದಿರಬಹುದು, ನೋಡುವವರ ಕಣ್ಣು ತಪ್ಪಿರಬಹುದು. ಇದಕ್ಕೆ ಪರಿಹಾರ, ಒಂದೇ ಜಾಗಕ್ಕೆ ಒಂದೇ ಋತುವಿನಲ್ಲಿ ಹಲವು ಸಲ ಹೋಗುವುದು. ಒಂದು ಉದಾಹರಣೆ ನೋಡಬಹುದು. ನೀರುನಾಯಿ ಇರುವ ಜಾಗದಲ್ಲಿ ಒಂದು ಭೇಟಿಗೆ ಗುರುತು ಸಿಗುವ ಸಾಧ್ಯತೆ ಅರ್ಧ ಎಂದಿಟ್ಟುಕೊಂಡರೆ, ಒಂದೇ ಸಲ ಹೋದವರು ಎರಡರಲ್ಲಿ ಒಂದು ಜಾಗವನ್ನು ತಪ್ಪಾಗಿ 'ಇಲ್ಲ' ಎಂದು ಬರೆಯುತ್ತಾರೆ. ಮೂರು ಸಲ ಹೋದರೆ ಮೂರೂ ಸಲ ತಪ್ಪುವ ಸಾಧ್ಯತೆ ಎಂಟರಲ್ಲಿ ಒಂದು. ಐದು ಸಲ ಹೋದರೆ ಮೂವತ್ತೆರಡರಲ್ಲಿ ಒಂದು.

ಒಂದು ಜಾಗದ ದಾಖಲೆ 'ಇದೆ, ಇಲ್ಲ, ಇದೆ' ಎಂದಿದ್ದರೆ, ನಡುವಿನ 'ಇಲ್ಲ' ಕಣ್ತಪ್ಪು ಎಂದು ತಿಳಿಯುತ್ತದೆ. ಇಂಥ ದಾಖಲೆಗಳನ್ನೆಲ್ಲ ಕೂಡಿಸಿ ಕಣ್ತಪ್ಪಿನ ಪ್ರಮಾಣ ಎಷ್ಟು, ನಿಜವಾಗಿ ಎಷ್ಟು ಪಾಲು ಜಾಗಗಳಲ್ಲಿ ಪ್ರಾಣಿ ಇದೆ ಎಂದು ಅಂದಾಜಿಸುವ ಸಂಖ್ಯಾಶಾಸ್ತ್ರದ ವಿಧಾನ 2002ರಿಂದೀಚೆಗೆ ವನ್ಯಜೀವಿ ಅಧ್ಯಯನದಲ್ಲಿ ಬಳಕೆಗೆ ಬಂದಿದೆ. ಅದು ನಡೆಯಬೇಕಾದರೆ ಸಿಗದಿದ್ದ ದಿನಗಳನ್ನೂ ಬರೆದಿಟ್ಟಿರಬೇಕು. ಕಂಡ ಫೋಟೊಗಳನ್ನಷ್ಟೇ ಕೂಡಿಟ್ಟರೆ ಸಂತೋಷಕ್ಕಾಯಿತು, ಲೆಕ್ಕಕ್ಕೆ ಬರುವುದಿಲ್ಲ.

ವಂಶದ ಲೆಕ್ಕ

ಹಬ್ಬಿದ ಜಾಗ ದೊಡ್ಡದಾದ ಮಾತ್ರಕ್ಕೆ ಸಂತತಿ ಗಟ್ಟಿಯಾಗಿದೆ ಎನ್ನಲಾಗದು ಎಂಬ ಪಾಠ ನೆದರ್‌ಲ್ಯಾಂಡ್ಸ್‌ನಿಂದ ಬಂತು. ಅಲ್ಲಿನ ಕೊನೆಯ ನೀರುನಾಯಿ ಸತ್ತದ್ದು 1988ರಲ್ಲಿ, ರಸ್ತೆಯ ಮೇಲೆ ವಾಹನಕ್ಕೆ ಸಿಕ್ಕಿ. 2002ರಿಂದ ಸುಮಾರು ಮೂವತ್ತು ಪ್ರಾಣಿಗಳನ್ನು ಹೊರಗಿನಿಂದ ತಂದು ಜೌಗು ಪ್ರದೇಶದಲ್ಲಿ ಬಿಟ್ಟರು. ಬಿಡುವಾಗಲೇ ಒಂದೊಂದರ ಡಿಎನ್ಎ ದಾಖಲಿಸಿಕೊಂಡಿದ್ದರು. ಆಮೇಲೆ ದಂಡೆಯಲ್ಲಿ ಸಿಕ್ಕ ಹಸಿ ಮಲದಿಂದ ಡಿಎನ್ಎ ತೆಗೆದು ಯಾವುದು ಉಳಿದಿದೆ, ಹೊಸದಾಗಿ ಹುಟ್ಟಿದ್ದು ಯಾರ ಮರಿ ಎಂದು ಹೊಂದಿಸಿ ನೋಡಿದರು. 2002ರಿಂದ 2008ರವರೆಗಿನ ಅಧ್ಯಯನದಲ್ಲಿ ಕಂಡದ್ದು, ಕೆಲವೇ ಬಲಿಷ್ಠ ಗಂಡುಗಳು ಮರಿಗಳಲ್ಲಿ ಮೂರನೆಯ ಎರಡು ಪಾಲಿಗೆ ತಂದೆಯಾಗಿದ್ದವು. ತಲೆಯೆಣಿಕೆ ಏರುತ್ತಿದ್ದರೂ ವಂಶವೈವಿಧ್ಯದ ದೃಷ್ಟಿಯಿಂದ ಸಂತತಿ ಅದರ ಶೇ 30ರಷ್ಟೇ ಇತ್ತು. ರಕ್ತಸಂಬಂಧದೊಳಗೇ ಕೂಡುವ ಅಪಾಯ ಅಲ್ಲಿತ್ತು. ದಂಡೆಯ ನಡಿಗೆಯೊಂದರಿಂದಲೇ ಇದು ಗೊತ್ತಾಗುವಂತಿರಲಿಲ್ಲ.

ಡಿಎನ್ಎಗೆ ಹಸಿ ಮಲವೇ ಬೇಕು, ಅದೂ ಬೆಳಿಗ್ಗೆ ಬಿಸಿಲೇರುವ ಮುನ್ನ ತೆಗೆದದ್ದು. ಬಿಸಿಲು ಮತ್ತು ತೇವ ಡಿಎನ್ಎಯನ್ನು ಬೇಗ ಕೆಡಿಸುತ್ತವೆ. ಮಲ ಹುಡುಕಲು ಕೆಲವು ದೇಶಗಳಲ್ಲಿ ತರಬೇತಿ ಪಡೆದ ನಾಯಿಗಳಿವೆ. ಮುಧೋಳದ ಹೆಸರು ಹೊತ್ತ ನಾಯಿ ಈ ಕೆಲಸಕ್ಕೆ ಸಹಜವಾದ ತಳಿಯಲ್ಲ. ಅದು ಬಯಲಿನಲ್ಲಿ ಕಣ್ಣಿಂದ ನೋಡಿ ಓಡಿ ಹಿಡಿಯುವ ಬೇಟೆನಾಯಿ. ಮಲ ಹುಡುಕಲು ವಾಸನೆ ಹಿಡಿದು ನಡೆಯುವ ತಳಿ ಬೇಕು.

ಸತ್ತ ಪ್ರಾಣಿಯೂ ದಾಖಲೆಯೇ. ರಸ್ತೆಯಲ್ಲಿ ಸತ್ತ ನೀರುನಾಯಿಯ ಹಲ್ಲಿನಿಂದ ವಯಸ್ಸು, ಗರ್ಭಕೋಶದಿಂದ ಸೂಲಿನ ಗುರುತು, ಯಕೃತ್ತಿನಿಂದ ವಿಷದ ಪ್ರಮಾಣ ತಿಳಿಯುತ್ತದೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯ ದಶಕಗಳಿಂದ ಇಂಥ ಕಳೇಬರಗಳನ್ನು ತರಿಸಿಕೊಂಡು ಪರೀಕ್ಷಿಸುತ್ತಿದೆ. ಕ್ಯಾಮೆರಾ ಟ್ರ್ಯಾಪ್‌ನ ಕೆಲಸ ಬೇರೆ: ಮಲಕಟ್ಟೆಯ ಎದುರು ಇಟ್ಟರೆ ಗುಂಪಿನ ಗಾತ್ರ, ಮರಿ ಇವೆಯೇ, ಯಾವ ಹೊತ್ತಿಗೆ ಬರುತ್ತವೆ ಎಂಬುದನ್ನು ತೋರಿಸುತ್ತದೆ. ಮರಿಗಳಿರುವ ಒಂದು ಚಿತ್ರ, ಸಂತಾನೋತ್ಪತ್ತಿ ನಡೆದಿದೆ ಎಂಬುದಕ್ಕೆ ನೂರು ಮಲಗುರುತಿಗಿಂತ ಗಟ್ಟಿ ಸಾಕ್ಷಿ.

ಹೆಚ್ಚಾದಾಗಿನ ತಕರಾರು

ಅಮೆರಿಕದ ಮಿಸೌರಿ ರಾಜ್ಯ 1982ರಿಂದ 1992ರವರೆಗೆ 845 ನೀರುನಾಯಿಗಳನ್ನು, ಬಹುಪಾಲು ಲೂಸಿಯಾನಾದಿಂದ ತಂದು, ತನ್ನ ಹೊಳೆಗಳಿಗೆ ಬಿಟ್ಟಿತು. ಎಲ್ಲರ ಅಂದಾಜು ಮೀರಿ ಅವು ಬೆಳೆದವು. ಕೆಲವೇ ವರ್ಷಗಳಲ್ಲಿ ಮೀನುಕೆರೆ ಇಟ್ಟುಕೊಂಡವರು, ಗಾಳ ಹಾಕುವವರು ದೂರು ತಂದರು. 1996ರಲ್ಲಿ ಸರ್ಕಾರ ಬಲೆ ಹಾಕಿ ಹಿಡಿಯಲು ಮತ್ತೆ ಅನುಮತಿ ಕೊಟ್ಟಿತು. ಬಿಡುವ ಮುನ್ನ ಮೀನಿನ ದಾಸ್ತಾನು, ಜನರ ಅಭಿಪ್ರಾಯ ಎರಡನ್ನೂ ಅಳೆದಿಟ್ಟಿರದಿದ್ದರೆ, ಮೀನು ಕಡಿಮೆಯಾದದ್ದು ನೀರುನಾಯಿಯಿಂದಲೋ ಬೇರೆ ಕಾರಣದಿಂದಲೋ ಎಂದು ಆಮೇಲೆ ವಾದ ಬಗೆಹರಿಯದು. ನಿಗಾ ಎಂದರೆ ಪ್ರಾಣಿಯ ಜೊತೆಗೆ ಮೀನು, ನೀರು, ಮೀನುಗಾರರ ಸಂಪಾದನೆ ಇವುಗಳ ಮೇಲೂ ಇಡುವ ಕಣ್ಣು.

ತುಂಗಭದ್ರೆಯ ಮೀಸಲು

ಕರ್ನಾಟಕದಲ್ಲಿ ಹಿಡಿದ ದಾರಿ ಬೇರೆ. ತಂದುಬಿಡುವ ಬದಲು ಇದ್ದಲ್ಲೇ ಉಳಿಸಿಕೊಳ್ಳುವುದು. 2015ರಲ್ಲಿ ರಾಜ್ಯ ಸರ್ಕಾರ ತುಂಗಭದ್ರಾ ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೊಮೀಟರ್‌ ನದಿಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗಾಗಿಯೇ ದೇಶದಲ್ಲಿ ಆದ ಮೊದಲ ಮೀಸಲು ಇದು. ಹಂಪಿ, ಆನೆಗೊಂದಿಯ ಸುತ್ತಲಿನ ಗ್ರಾನೈಟ್ ಬಂಡೆಗಳ ಸಂದು, ನಡುಗಡ್ಡೆ, ಆಪು-ಜೊಂಡು, ಆಳದ ಮಡುಗಳು ಇಲ್ಲಿ ಒಂದಕ್ಕೊಂದು ಹತ್ತಿಕೊಂಡಿವೆ.

ಸಂರಕ್ಷಣಾ ಮೀಸಲು ಅಭಯಾರಣ್ಯದಷ್ಟು ಬಿಗಿಯಲ್ಲ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಈ ವರ್ಗವನ್ನು ತಂದಿತು. ಸರ್ಕಾರಿ ಜಾಗದಲ್ಲಿ ಘೋಷಿಸುವ ಇದರ ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳೂ ಇರುತ್ತಾರೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ತೆಗೆಯುವುದು, ಬಂಡೆ ಒಡೆಯುವುದು ಇಲ್ಲಿನ ಮುಖ್ಯ ಅಪಾಯಗಳು. ಸಿಡಿಮದ್ದು ಮೀನನ್ನು ಮರಿಸಮೇತ ಕೊಂದು ಆ ಮಡುವನ್ನೇ ಬರಿದು ಮಾಡುತ್ತದೆ; ಮರಳು ಹೋದರೆ ಮಲ ಹಾಕುವ, ಮೈ ಒರಸಿ ಒಣಗಿಸಿಕೊಳ್ಳುವ ದಿಬ್ಬ ಹೋಗುತ್ತದೆ. ತೆಪ್ಪ, ಹರಿಗೋಲಿನಲ್ಲಿ ದಿನವೂ ಹೊಳೆಗಿಳಿಯುವ ಮೀನುಗಾರರು ಯಾವ ಮಡುವಿಗೆ ಯಾವ ಗುಂಪು ಬರುತ್ತದೆಂದು ಬಲ್ಲರು. ಕ್ರಮವಾಗಿ ಬರೆದಿಟ್ಟರೆ ಆ ತಿಳಿವಳಿಕೆಯೂ ದಾಖಲೆಯಾಗುತ್ತದೆ.

ಕೃಷ್ಣಾ-ಘಟಪ್ರಭಾ ಹೊಳೆಸಾಲಿಗೆ ಹೊಂದಿಸಿದರೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ವನ್ಯಜೀವಿ ನಿಗಾಕ್ಕೆ ಒಂದು ನೆಲೆ ಈಗಾಗಲೇ ಇದೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಮಡ್ಡಿಕಾಡಿನ ಸುಮಾರು 96 ಚದರ ಕಿಲೊಮೀಟರ್‌ ಪ್ರದೇಶವನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಿಂಕಾರ ಬಯಲಲ್ಲಿ ಮೇಯುವ ಹುಲ್ಲೆ. ನಿಗದಿತ ಗೆರೆಯ ಮೇಲೆ ನಡೆದು ಕಣ್ಣಿಂದ ಎಣಿಸಬಹುದು. ಹೊಳೆಗೆ ಆ ಪದ್ಧತಿ ಒಗ್ಗುವುದಿಲ್ಲ, ದಂಡೆಯ ಲೆಕ್ಕವೇ ಬೇಕು.

ಇಲ್ಲಿನ ಕೃಷ್ಣೆ ಹರಿಯುವ ಹೊಳೆಗಿಂತ ಹೆಚ್ಚಾಗಿ ನಿಂತ ನೀರಿನ ಸಾಲು. ಮೇಲೆ ಹಿಪ್ಪರಗಿ ಬ್ಯಾರೇಜ್, ಕೆಳಗೆ ಚಿಕ್ಕಪಡಸಲಗಿಯ ಶ್ರಮಬಿಂದು ಸಾಗರ. ಈ ಶ್ರಮಬಿಂದು ಸಾಗರ ಬ್ಯಾರೇಜನ್ನು ರೈತ ಮುಖಂಡ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಕಟ್ಟಿದರು. ಅದರ ಕೆಳಗೆ ಬೀಳಗಿ ಭಾಗದ ಆಲಮಟ್ಟಿ ಹಿನ್ನೀರು. ಮುಧೋಳದ ಬದಿಯಿಂದ ಹರಿದುಬರುವ ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಎರಡು ನದಿ ಕೂಡುವ ಮೂಲೆ, ಬ್ಯಾರೇಜಿನ ಕೆಳಗಿನ ಬಂಡೆಗಳು, ಸೇತುವೆಗಳ ಕಂಬದ ಬುಡ, ಹಿನ್ನೀರು ಇಳಿದಾಗ ತೆರೆಯುವ ನಡುಗಡ್ಡೆಗಳು, ಇವು 600 ಮೀಟರ್‌ ನಡಿಗೆಗೆ ಮೊದಲು ಆರಿಸಬೇಕಾದ ಜಾಗಗಳು. ಅವುಗಳ ನಡುವೆ ಸಮ ಅಂತರದಲ್ಲಿ ಕಬ್ಬಿನ ಹೊಲ ಹತ್ತಿದ ದಂಡೆ, ಪಂಪ್‌ಸೆಟ್ ಸಾಲಿನ ದಂಡೆಗಳನ್ನೂ ಸೇರಿಸಬೇಕು. ಒಳ್ಳೆಯ ಜಾಗಗಳನ್ನಷ್ಟೇ ನೋಡಿದರೆ ಹೊಳೆಯ ನಿಜಸ್ಥಿತಿ ತಿಳಿಯುವುದಿಲ್ಲ.

ಋತುವಿನ ಆಯ್ಕೆ ಮುಖ್ಯ. ಮುಂಗಾರಿನಲ್ಲಿ ಮಹಾರಾಷ್ಟ್ರದ ಘಟ್ಟಗಳ ಮಳೆ ಸುರಿದರೆ ಇಲ್ಲಿ ಮೋಡವಿಲ್ಲದಿದ್ದರೂ ಹೊಳೆ ಉಕ್ಕುತ್ತದೆ. ಎಲ್ಲ ಗುರುತೂ ತೊಳೆದುಹೋಗುತ್ತದೆ. ನೀರಿಳಿದು ದಂಡೆ ತೆರೆಯುವ ಚಳಿಗಾಲದ ಕೊನೆ ಮತ್ತು ಬೇಸಿಗೆ ಸಮೀಕ್ಷೆಗೆ ತಕ್ಕದ್ದು. ಆಗಲೂ ಬ್ಯಾರೇಜಿನ ಗೇಟು ಎತ್ತಿದ, ಇಳಿಸಿದ ದಿನಗಳನ್ನು ದಾಖಲೆಯ ಪಕ್ಕದಲ್ಲೇ ಬರೆದಿಡಬೇಕು. ಒಂದಡಿ ನೀರು ಏರಿದರೆ ಕೆಳಬಂಡೆಯ ಮಲ ಮಾಯವಾಗುತ್ತದೆ. ಈ ಸಾಲಿನಲ್ಲಿ ಮೊಸಳೆಗಳಿರುವುದರಿಂದ ಕನಿಷ್ಠ ಇಬ್ಬರು ಜೊತೆಯಾಗಿ, ಬೆಳಕು ಹರಿದ ಮೇಲೆ, ನೀರಿನಂಚಿನಿಂದ ಹಿಂದೆ ಸರಿದು ನಡೆಯುವುದು ಕ್ಷೇಮ.

ಮುಂಚಿನ ದಾಖಲೆ ಏಕೆ ಬೇಕು ಎಂಬುದಕ್ಕೆ 2019ರ ಆಗಸ್ಟ್ ಸಾಕ್ಷಿ. ಆಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿ ಜಮಖಂಡಿ, ಮುಧೋಳದ ಹೊಳೆಸಾಲಿನ ಹಳ್ಳಿಗಳು ಮುಳುಗಿದವು. ಅಂಥ ಮಹಾಪೂರ ದಡದ ಬಿಲಗಳನ್ನು ಕೊಚ್ಚುತ್ತದೆ, ಹೊಸ ಮರಳು ತಂದು ಹಾಕುತ್ತದೆ, ಕೆರೆಯ ಮೀನನ್ನು ಹೊಳೆಗೂ ಹೊಳೆಯ ಮೀನನ್ನು ಕೆರೆಗೂ ಸೇರಿಸುತ್ತದೆ. ಪೂರದ ಹಿಂದಿನ ವರ್ಷದ 'ಇದೆ-ಇಲ್ಲ' ಪಟ್ಟಿ ಕೈಯಲ್ಲಿದ್ದರೆ ಮಾತ್ರ ಮುಂದಿನ ವರ್ಷದ ಪಟ್ಟಿಗೆ ಅರ್ಥ ಬರುತ್ತದೆ.

ಚೇತರಿಕೆ ಎಂದು ಯಾವಾಗ ಹೇಳಬಹುದು

ಒಂದು ವರ್ಷದ ಏರಿಕೆ ಚೇತರಿಕೆಯಲ್ಲ. ಅದು ಒಳ್ಳೆಯ ಮಳೆಗಾಲವೋ, ಚುರುಕಾದ ಸಮೀಕ್ಷಕರೋ ಆಗಿರಬಹುದು. ನಾಲ್ಕು ಸಂಗತಿಗಳು ಒಟ್ಟಿಗೆ ಕಂಡಾಗ ಆ ಮಾತು ಆಡಬಹುದು: ಒಂದೇ ಕ್ರಮದ ಹಲವು ಸಮೀಕ್ಷೆಗಳಲ್ಲಿ ಗುರುತು ಸಿಗುವ ಜಾಗಗಳ ಪಾಲು ಏರಿರಬೇಕು, ಬೇರೆ ಬೇರೆ ಕಡೆ ಮರಿಗಳು ಕಂಡಿರಬೇಕು, ವಂಶವೈವಿಧ್ಯ ಕುಗ್ಗಿರಬಾರದು, ಅವನತಿಗೆ ಕಾರಣವಾದ ವಿಷ, ಸಿಡಿಮದ್ದು, ಬೇಟೆ ನಿಂತಿರಬೇಕು. ಮೊದಲ ಮೂರು ಇದ್ದು ನಾಲ್ಕನೆಯದು ಇಲ್ಲದಿದ್ದರೆ ಪಡೆದದ್ದು ಮತ್ತೆ ಕೈಬಿಡುತ್ತದೆ. ಸಮೀಕ್ಷೆಗೆ ಬೇಕಾದ ಸಲಕರಣೆ ಹೆಚ್ಚಿಲ್ಲ: ಅಳೆಯುವ ಟೇಪು, ಜಿಪಿಎಸ್ ಇರುವ ಮೊಬೈಲು, ನೋಟ್‌ಬುಕ್ಕು. ವರ್ಷದಿಂದ ವರ್ಷಕ್ಕೆ ಜಾಗ ಬದಲಿಸದೆ, ವಿಧಾನ ಬದಲಿಸದೆ, ಸಿಗದ ದಿನವನ್ನೂ ಬಿಡದೆ ಬರೆಯುವ ಶಿಸ್ತೇ ಇದರ ಕಷ್ಟದ ಭಾಗ.